ಎಷ್ಟು ಒರೆಸಿದರೂ ಫಿಲ್ಟರ್ ಮಂಕು ಹೋಗುತ್ತಿಲ್ಲ, ದಾರಿ ಹೇಳಿ

ಬೆಟ್ಟದಹಕ್ಕಿ:
ಸಾಕಾಗಿ ಹೋಗಿದೆ. ಕ್ಯಾಮೆರಾ ಲೆನ್ಸ್ ಮುಂದೆ ಹಾಕುವ ಗಾಜಿನ ಫಿಲ್ಟರ್ ಒರೆಸಿದಷ್ಟೂ ಮಂಕಾಗುತ್ತಿದೆ. ಬಟ್ಟೆ ಹೋದ ದಾರಿಯಲ್ಲೇ ಕಾಮನಬಿಲ್ಲಿನ ಬಣ್ಣದ ಪಟ್ಟೆ ಮೂಡುತ್ತದೆ. ಬೆಳಕಿಗೆ ಎದುರಾಗಿ ತೆಗೆದರೆ ಫೋಟೋ ಪೂರ್ತಿ ಬಿಳಿಚಿಕೊಳ್ಳುತ್ತದೆ. ಒರೆಸುವ ಲಿಕ್ವಿಡ್ ಹಾಕಿದೆ, ಇನ್ನೂ ಜಾಸ್ತಿ ಆಯಿತು. ಬೇಗ ಹೇಳಿ, ಪ್ಲೀಸ್.

ನೆರಳುಬೆಳಕು:
ಯಾವ ಫಿಲ್ಟರ್ ಅದು: ಅತಿನೇರಳೆ ಕಿರಣ ತಡೆಯುವ ಯುವಿಯಾ, ಪ್ರತಿಫಲನ ತಗ್ಗಿಸುವ ಸಿಪಿಎಲ್ಲಾ, ಬೆಳಕು ತಗ್ಗಿಸುವ ಎನ್‌ಡಿಯಾ? ಲಿಕ್ವಿಡ್ ಯಾವುದು, ಬಟ್ಟೆ ಯಾವುದು? ಇಷ್ಟು ಗೊತ್ತಾಗದೆ ಏನು ಹೇಳೋದು?

ಹಳೇಗ್ಲಾಸ್:
ಇದು ಫಂಗಸ್ (ಬೂಷ್ಟು), ಅನುಮಾನವೇ ಬೇಡ. ಲೆನ್ಸ್ ಒಳಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಸಣ್ಣ ಎಳೆಗಳು ಕವಲೊಡೆದು ಹರಡಿರುತ್ತವೆ.

ಬೆಟ್ಟದಹಕ್ಕಿ:
ಫಿಲ್ಟರ್ ತೆಗೆದರೆ ಫೋಟೋ ಚೆನ್ನಾಗಿಯೇ ಬರುತ್ತದೆ, ಲೆನ್ಸ್‌ನಲ್ಲಿ ಏನೂ ಇಲ್ಲ. ಅದು ಸಿಪಿಎಲ್. ಬಟ್ಟೆ ಮೈಕ್ರೋಫೈಬರ್‌ದೇ, ಒಗೆದಿಟ್ಟದ್ದು.

ಹಳೇಗ್ಲಾಸ್:
ಫಂಗಸ್ ಫಿಲ್ಟರ್‌ಗೂ ಹಿಡಿಯುತ್ತದೆ. ಎಲ್ಲಿ ಇಡುತ್ತೀರಿ? ಬ್ಯಾಗಿನಲ್ಲೇ ಇಟ್ಟರೆ ತೇವಕ್ಕೆ ಬಂದೇ ಬರುತ್ತದೆ.

ಟ್ರೈಪಾಡ್ಪ್ರೇಮಿ:
ಲಿಕ್ವಿಡ್ ಯಾಕೆ ಸುಮ್ನೆ? ಹಾ ಅಂತ ಉಸಿರು ಬಿಟ್ಟು ಒರೆಸಿ, ಸಾಕು.

ನೆರಳುಬೆಳಕು:
ಉಸಿರು ಬೇಡ, ಎಂಜಲ ಹನಿ ಸಿಡಿಯುತ್ತದೆ. ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಬ್ರಷ್, ಬಟ್ಟೆ ಕೊನೆಗೆ. ಧೂಳಿನ ಮೇಲೇ ಉಜ್ಜಿದರೆ ಮರಳಿನ ಕಣ ಗಾಜಿನ ಮೇಲಿನ ಕೋಟಿಂಗ್ ಕೆರೆದುಬಿಡುತ್ತದೆ.

ಟ್ರೈಪಾಡ್ಪ್ರೇಮಿ:
ಉಸಿರಿನಲ್ಲಿ ಬರುವುದು ನೀರಾವಿ ತಾನೇ? ನೀವು ತುಂಬಾ ಹೆದರಿಸುತ್ತೀರಿ.

ನೆರಳುಬೆಳಕು:
ಹೆದರಿಸುತ್ತಿಲ್ಲ. ಧೂಳು ಹೋಗದೆ ಉಸಿರು ಬಿಟ್ಟು ಉಜ್ಜುವುದೇ ತಪ್ಪು ಅಂತ ಹೇಳುತ್ತಿದ್ದೇನೆ.

ಹಳೇಗ್ಲಾಸ್:
ನನ್ನ ಲೆನ್ಸ್ ಎಲ್ಲವೂ ತೇವ ಕಡಿಮೆ ಇಡುವ ಡ್ರೈ ಕ್ಯಾಬಿನೆಟ್‌ನಲ್ಲಿವೆ. ತೇವಾಂಶ ಶೇ. 45ರಲ್ಲೇ ಇರುತ್ತದೆ. ಒಂದಕ್ಕೂ ಕಲೆ ಇಲ್ಲ.

ಮಸೂರ:
ಬೆಟ್ಟದಹಕ್ಕಿ ಅವರೇ, ಬಟ್ಟೆ ಒಗೆದದ್ದು ಹೇಗೆ? ಫ್ಯಾಬ್ರಿಕ್ ಕಂಡೀಷನರ್ ಹಾಕಿದ್ರಾ?

ಬೆಟ್ಟದಹಕ್ಕಿ:
ಮಿಕ್ಕ ಬಟ್ಟೆ ಜೊತೆ ಮೆಷಿನ್‌ಗೆ ಹಾಕಿದ್ದು. ಕಂಡೀಷನರ್ ಯಾವಾಗಲೂ ಹಾಕುತ್ತೇವೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮಸೂರ:
ಸಂಬಂಧ ಇದೆ. ಬಟ್ಟೆ ಮೆತ್ತಗಿರಲಿ ಅಂತ ಕಂಡೀಷನರ್ ಎಳೆಗಳ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಒರೆಸಿದಾಗ ಅದೇ ಗಾಜಿಗೆ ಮೆತ್ತುತ್ತದೆ. ಲಿಕ್ವಿಡ್ ಹಾಕಿದರೆ ಇನ್ನಷ್ಟು ಹರಡುತ್ತದೆ. ನೀರಿನ ಮೇಲೆ ಎಣ್ಣೆ ತೇಲಿದಾಗ ಬಣ್ಣ ಕಾಣುತ್ತದಲ್ಲ, ನಿಮ್ಮ ಕಾಮನಬಿಲ್ಲೂ ಹಾಗೇ ಬರುತ್ತಿರಬಹುದು.

ನೋಡಿಬಿಡಿ: ಚೊಕ್ಕವಾದ ಕನ್ನಡಿಯ ಮೂಲೆಯನ್ನು ಆ ಬಟ್ಟೆಯಿಂದ ಒರೆಸಿ, ಓರೆಯಾಗಿ ಕಣ್ಣಿಟ್ಟು ನೋಡಿ. ಅಲ್ಲೂ ಪಟ್ಟೆ ಬಂದರೆ ಬಟ್ಟೆಯದೇ ಕೆಲಸ. ಹೊಸದು ತಗೊಳ್ಳಿ. ಲೆನ್ಸ್ ಲಿಕ್ವಿಡ್ ಎರಡು ಹನಿ ಬಟ್ಟೆಗೆ ಹಾಕಿ, ಗಾಜಿಗೆ ಹಾಕಬೇಡಿ. ನಡುವಿನಿಂದ ಸುತ್ತುತ್ತಾ ಅಂಚಿಗೆ ಬನ್ನಿ, ಒತ್ತಬೇಡಿ. ಸಾಮಾನ್ಯವಾಗಿ ಸಿಪಿಎಲ್‌ನಲ್ಲಿ ಎರಡು ಗಾಜಿನ ನಡುವೆ ಪೋಲರೈಸಿಂಗ್ ಫಿಲ್ಮ್ ಅನ್ನೋ ತೆಳು ಹಾಳೆ ಅಂಟಿಸಿರುತ್ತಾರೆ. ಅಂಚಿನಿಂದ ದ್ರವ ಇಳಿದರೆ ಅಂಟು ಬಿಡಬಹುದು. ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರವ) ಅಂತೂ ಹತ್ತಿರವೇ ತರಬೇಡಿ.

ಹಳೇಗ್ಲಾಸ್:
ಆದರೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ.

ಬೆಟ್ಟದಹಕ್ಕಿ:
ಕನ್ನಡಿ ಮೇಲೂ ಅದೇ ಪಟ್ಟೆ! ಹೊಸ ಬಟ್ಟೆಯಲ್ಲಿ ಒರೆಸಿದೆ, ಗಾಜಿನ ನಡುಭಾಗ ತಿಳಿಯಾಯಿತು. ಮಸೂರ ಅವರೇ, ತುಂಬಾ ಥ್ಯಾಂಕ್ಸ್. ಆದರೆ ಅಂಚಿನಲ್ಲಿ ಉಗುರಿನಷ್ಟು ಜಾಗ ಇನ್ನೂ ಮಂಕಾಗಿದೆ. ಟಾರ್ಚ್ ಬಿಟ್ಟೆ, ಎಳೆ ಏನೂ ಕಾಣಲಿಲ್ಲ.

ಮಸೂರ:
ಎರಡೂ ಮುಖ ಒರೆಸಿದ್ರಾ? ಆಮೇಲೂ ಉಳಿದರೆ ಅದು ಗಾಜುಗಳ ನಡುವಿನದ್ದು ಇರಬಹುದು, ಒರೆಸಿ ಹೋಗುವುದಿಲ್ಲ. ಮೊದಲ ಸಲ ಲಿಕ್ವಿಡ್ ನೇರ ಗಾಜಿಗೇ ಹಾಕಿದ್ರಾ? ಅಂಚಿನ ಹತ್ತಿರದ ಫೋಟೋ ಒಂದು ಹಾಕಿ.

ಟ್ರೈಪಾಡ್ಪ್ರೇಮಿ:
ಹಳೇಗ್ಲಾಸ್ ಅವರೇ, ಲೆನ್ಸ್ ಇಡೋಕೆ ಬರೀ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿ ಸಾಲದಾ? ತೇವಾಂಶದ ಮೀಟರ್ ಒಂದು ಒಳಗಿಟ್ಟರೆ ಆಯಿತು ಅಲ್ವಾ?