ಸಹಾಯ ಬೇಕು: ಟಾಂಗಾ ಕುದುರೆಗೆ ಏರಿನಲ್ಲಿ ದಮ್ಮು ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಟಾಂಗಾ ಕುದುರೆ, ಎಂಟು ವರ್ಷದ ಗಂಡು. ಮಳೆಗಾಲವೆಲ್ಲ ಲಾಯದಲ್ಲೇ ಇತ್ತು; ದಸರೆಯ ಹೊತ್ತಿಗೆ ದಿನಕ್ಕೆ 15 ಕಿ.ಮೀ. ಎಳೆಯುವಂತಾಗಬೇಕು. ಸದ್ಯ ಖಾಲಿ ಗಾಡಿ ಕಟ್ಟಿ 6 ಕಿ.ಮೀ. ನಡಿಗೆ, ನಡುವೆ ಎರಡೆರಡು ನಿಮಿಷ ಟ್ರಾಟ್ (ನಡಿಗೆಗಿಂತ ವೇಗದ ಕುಲುಕು ಓಟ). ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸುವುದಿಲ್ಲ. ದಮ್ಮು ಬೇಗ ಕೂಡುತ್ತದೆ, ಕಾಲಿನ ಸ್ನಾಯುರಜ್ಜು, ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅದಕ್ಕೇ ಅವಸರ ಮಾಡುತ್ತಿಲ್ಲ.

ತೊಂದರೆ ಏರಿನಲ್ಲಿ. ಸುಮ್ಮನೆ ನಿಂತಾಗ ನಾಡಿ ನಿಮಿಷಕ್ಕೆ 36. ಸಮತಟ್ಟು ದಾರಿಯಾದರೆ ಕೆಲಸ ಮುಗಿದ 10 ನಿಮಿಷಕ್ಕೆ 60ರೊಳಗೆ ಇಳಿಯುತ್ತದೆ. ಏರು ಹತ್ತಿದ ದಿನ 20 ನಿಮಿಷವಾದರೂ 72ರಲ್ಲೇ ನಿಲ್ಲುತ್ತದೆ. ಕುಂಟುವುದಿಲ್ಲ. ಪಶುವೈದ್ಯರು ಹೃದಯ, ಶ್ವಾಸಕೋಶ ಸರಿಯಿದೆ ಎಂದಿದ್ದಾರೆ. ರಜೆಯ ದಿನ ಹುರುಳಿ ಅರ್ಧಕ್ಕಿಳಿಸುತ್ತೇವೆ, ಇಲ್ಲದಿದ್ದರೆ ಮರುದಿನ ತೊಡೆ ಸೆಟೆದುಕೊಳ್ಳುವ ಅಪಾಯ.

ನನ್ನ ಅನುಮಾನ ಎದೆಪಟ್ಟಿಯ (ಗಾಡಿ ಎಳೆಯಲು ಎದೆಗೆ ಅಡ್ಡ ಕಟ್ಟುವ ಪಟ್ಟಿ) ಮೇಲೆ. ಅದು ಭುಜದ ಕೀಲಿನ ಮೇಲೇ ಕೂರುತ್ತಿದೆ. ಬೆವರು ಒಣಗಿದ ಮೇಲೆ ನೋಡಿದರೆ ಅಲ್ಲಿ ಕೂದಲು ಮುರಿದಿರುತ್ತದೆ. ಹೆಜ್ಜೆ ಬಿಚ್ಚಿ ಹಾಕಲಾಗದೆ ಸುಸ್ತಾಗುತ್ತಿರಬಹುದೇ? ಪಟ್ಟಿಯನ್ನು ಎರಡು ಬೆರಳಷ್ಟು ಮೇಲೆತ್ತಿ ಕಟ್ಟಿದರೆ ಶ್ವಾಸನಾಳ ಒತ್ತೀತೆ? ಏರನ್ನು ಈಗ ಪೂರ್ತಿ ಬಿಡಬೇಕೇ, ವಾರಕ್ಕೊಮ್ಮೆ ನಡಿಗೆಯಲ್ಲಷ್ಟೇ ಇಟ್ಟುಕೊಳ್ಳಬಹುದೇ? ಟಾರು ರಸ್ತೆಯಲ್ಲಿ ಟ್ರಾಟ್ ಎಷ್ಟು ಹೊತ್ತು ಮೀರಬಾರದು? ಗಾಡಿ ಕುದುರೆ ಪಳಗಿಸಿದವರು ದಯವಿಟ್ಟು ತಿಳಿಸಿ.