ಹಳೇ ಆಪ್ಟಿಪ್ಲೆಕ್ಸ್‌ಗೆ ರ‍್ಯಾಮ್: ದುಡ್ಡು ಕಟ್ಟೋ ಮುಂಚೆ ಲೇಬಲ್ ಓದಿ

ಮಾವ, ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಕೇಳಿ. ಅಂಗಡಿ ಕಂಪ್ಯೂಟರ್ ಡೆಲ್ ಆಪ್ಟಿಪ್ಲೆಕ್ಸ್ 3020, 4 ಜಿಬಿ ಇದೆ, ಟ್ಯಾಲಿ ಜೊತೆ ಕ್ರೋಮ್ ತೆಗೆದ್ರೆ ನಿಂತೇ ಹೋಗುತ್ತೆ, ಆನ್‌ಲೈನಲ್ಲಿ 8 ಜಿಬಿ ರ‍್ಯಾಮ್ ಅಗ್ಗಕ್ಕಿದೆ, ತರಿಸ್ಲಾ ಅಂತ ಕೇಳಿದ್ರಲ್ಲ. ರ‍್ಯಾಮ್ ಹಾಕ್ಸಿ, ಆದ್ರೆ ನೀವು ಕಳ್ಸಿರೋ ಲಿಂಕಿನದ್ದು ಬೇಡ. ಅದ್ರ ವಿವರ ಪೂರ್ತಿ ಕೆಳಗಿಳಿಸಿ ನೋಡಿ, ‘ಎಎಂಡಿ ಬೋರ್ಡಿಗೆ ಮಾತ್ರ’ ಅಂತ ಸಣ್ಣಕ್ಷರದಲ್ಲಿ ಬರ್ದಿದಾರೆ. ನಿಮ್ದು ಇಂಟೆಲ್, ಬೇರೆ ಕಂಪನಿ ಪ್ರೊಸೆಸರ್.

ಮೊದ್ಲು ಮೆಷಿನ್ ಆನ್ ಮಾಡಿ ಎರಡು ವಿಷಯ ನೋಡ್ಕೊಳ್ಳಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಒಳಗೆ ವಿಂಡೋಸ್ 64 ಬಿಟ್ಟಾ 32 ಬಿಟ್ಟಾ ಅಂತ ಇರುತ್ತೆ. 32 ಬಿಟ್ ಆಗಿದ್ರೆ ಎಷ್ಟೇ ರ‍್ಯಾಮ್ ತುಂಬಿದ್ರೂ 4 ಜಿಬಿ ಮೇಲೆ ಅದು ಮುಟ್ಟಲ್ಲ. ಟ್ಯಾಲಿ ಡೇಟಾ ಬೇರೆ ಕಡೆ ಕಾಪಿ ಮಾಡ್ಕೊಂಡು 64 ಬಿಟ್ ಹೊಸದಾಗೇ ಹಾಕ್ಬೇಕು. ಎರಡನೇದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ. ‘ಸ್ಲಾಟ್ಸ್ ಯೂಸ್ಡ್’ ಅಂತ ಕೆಳಗಿರುತ್ತೆ. 2ರಲ್ಲಿ 1 ಅಂತಿದ್ರೆ ಒಂದು ಸ್ಲಾಟ್ (ರ‍್ಯಾಮ್ ಕೂರೋ ಜಾಗ) ಖಾಲಿ ಇದೆ ಅಂತ. ನಿಮ್ಮ ಕೆಲ್ಸ ಎಲ್ಲಾ ತೆರೆದಿಟ್ಟಾಗ ಅಲ್ಲಿ ಶೇಕಡಾ 85-90 ತೋರಿಸ್ತಾ ಇದ್ರೆ ರ‍್ಯಾಮ್ ಸಾಲ್ತಿಲ್ಲ. ಡಿಸ್ಕ್ 100 ಅಂತ ಕಂಡ್ರೆ ‘ಓ, ಹಾರ್ಡ್‌ಡಿಸ್ಕ್ ಹೋಯ್ತು’ ಅಂದ್ಕೋಬೇಡಿ. ಮೆಮೊರಿ ತುಂಬ್ದಾಗ ವಿಂಡೋಸ್ ಉಳಿದಿದ್ದನ್ನ ಡಿಸ್ಕಿಗೆ ಬರೀತಾ ಓದ್ತಾ ಇರುತ್ತೆ, ಆಗ್ಲೂ 100 ಬರುತ್ತೆ. ಮೆಮೊರಿ 50ರಲ್ಲಿದ್ದು ಡಿಸ್ಕ್ ಮಾತ್ರ 100 ಇದ್ರೆ ರ‍್ಯಾಮ್ ಬಿಡಿ, ಆ ದುಡ್ಡಿಗೆ ಹಾರ್ಡ್‌ಡಿಸ್ಕ್ ಬದ್ಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕ್ಸಿ.

ಈಗ ಯಾವ ರ‍್ಯಾಮ್ ಅಂತ. 3020 ಟವರ್‌ಗೂ ಸಣ್ಣ ಡಬ್ಬಕ್ಕೂ ಡಿಡಿಆರ್3 (ಡಿಡಿಆರ್ ರ‍್ಯಾಮ್‌ನ ಮೂರನೇ ಪೀಳಿಗೆ), 1600 ಸ್ಪೀಡ್, ಎರಡು ಸ್ಲಾಟ್, ಒಂದೊಂದಕ್ಕೆ 8ರಂತೆ ಒಟ್ಟು 16 ಜಿಬಿ ವರೆಗೆ. (ಇದೇ 3020ರಲ್ಲಿ ಪುಸ್ತಕದಷ್ಟು ಚಿಕ್ಕ ಮೈಕ್ರೋ ಅಂತ ಒಂದು ಬರುತ್ತೆ, ಅದಕ್ಕೆ ಲ್ಯಾಪ್‌ಟಾಪ್ ರ‍್ಯಾಮ್. ಫೋಟೊದಲ್ಲಿ ನಿಮ್ದು ಟವರ್, ತಲೆ ಕೆಡಿಸ್ಕೋಬೇಡಿ.) ಡಿಡಿಆರ್4 ಕೂರೋದೇ ಇಲ್ಲ, ಅದಕ್ಕೆ 288 ಪಿನ್, ಇದಕ್ಕೆ 240, ಮಧ್ಯದ ಕಚ್ಚೂ ಬೇರೆ ಜಾಗದಲ್ಲಿ. 1.35 ವೋಲ್ಟಿನ ಡಿಡಿಆರ್3ಎಲ್ ಸಿಕ್ರೆ ಧಾರಾಳವಾಗಿ ತಗೊಳ್ಳಿ, ಹಳೇ 1.5 ವೋಲ್ಟಿನದ್ರ ಜೊತೆ ಇದ್ರೂ 1.5ರಲ್ಲೇ ಓಡುತ್ತೆ.

ಮೋಸ ಆಗೋದೆಲ್ಲ ಲೇಬಲ್‌ನಲ್ಲಿ. ಒಳ್ಳೆ ಸ್ಟಿಕ್ (ರ‍್ಯಾಮ್ ಪಟ್ಟಿ) ಮೇಲೆ ‘8ಜಿಬಿ 2ಆರ್‌ಎಕ್ಸ್8 ಪಿಸಿ3ಎಲ್-12800ಯು’ ಅನ್ನೋ ಥರ ಇರುತ್ತೆ. 12800 ಅಂದ್ರೆ 1600 ಸ್ಪೀಡು. ಅದ್ರ ಪಕ್ಕದ ‘ಯು’ ಇರ್ಲೇಬೇಕು. ಅಲ್ಲಿ ‘ಆರ್’ ಇದ್ರೆ ಸರ್ವರ್‌ದು, ಅಗ್ಗಕ್ಕೆ ಸಿಗುತ್ತೆ, ನಿಮ್ಮ ಬೋರ್ಡಲ್ಲಿ ಓಡಲ್ಲ. ಇನ್ನು ಮಧ್ಯದ ‘2ಆರ್‌ಎಕ್ಸ್8’. ಕೊನೇಲಿ 4 ಅಂತಿದ್ರೆ ಅದೇ ‘ಎಎಂಡಿಗೆ ಮಾತ್ರ’ ಮಾಲು. ಅದ್ರಲ್ಲಿ ಒಂದೊಂದು ಚಿಪ್ಪು 8 ಬಿಟ್ ಬದ್ಲು 4 ಬಿಟ್ ಕೊಡುತ್ತೆ, ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರ್ ಅಂಥದ್ದನ್ನ ಒಪ್ಪಲ್ಲ. ಸ್ಕ್ರೀನೇ ಬರಲ್ಲ. ‘1ಆರ್‌ಎಕ್ಸ್8’ ಅಂತ 8 ಜಿಬಿ ಕೊಟ್ರೂ ಬೇಡ. ಒಂದೇ ಕಡೆ ಎಂಟು ಚಿಪ್ಪು, ಒಂದೊಂದೂ 1 ಜಿಬಿ. ನಿಮ್ಮದು ನಾಲ್ಕನೇ ಪೀಳಿಗೆ ಪ್ರೊಸೆಸರ್, ಅಷ್ಟು ದೊಡ್ಡ ಡಿಡಿಆರ್3 ಚಿಪ್ಪು ಅದಕ್ಕೆ ಓದೋಕೆ ಬರಲ್ಲ. ಹಂಗಾಗಿ ಎಣಿಸಿ: ಮುಂದೆ 8, ಹಿಂದೆ 8, ಒಟ್ಟು 16 ಚಿಪ್ಪು. ಲೇಬಲ್ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿರೋರು ಇದಾರೆ, ಚಿಪ್ಪಿನ ಸಂಖ್ಯೆ ಮಾತ್ರ ಮುಚ್ಚಿಡೋಕಾಗಲ್ಲ. ಆದ್ರೆ ‘ಎಎಂಡಿಗೆ ಮಾತ್ರ’ ಮಾಲಲ್ಲೂ 16 ಚಿಪ್ಪು ಇರ್ಬಹುದು, ಅದನ್ನ ಬರೀ ಎಣಿಸಿ ಹಿಡಿಯೋಕಾಗಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಯಾರಾದ್ರೂ ಹೋಗೋರಿದ್ರೆ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್‌ದು ಹಳೇ ಮೆಷಿನ್‌ನಿಂದ ಬಿಚ್ಚಿದ್ದೇ ತರ್ಲಿ. ಹೆಸರಿಲ್ಲದ ಹೊಸದಕ್ಕಿಂತ ಅದೇ ಮೇಲು, ರ‍್ಯಾಮ್ ಸುಲಭಕ್ಕೆ ಸವೆಯೋ ವಸ್ತು ಅಲ್ಲ.

8 ಜಿಬಿದು ಒಂದೇ ಸಾಕು, ಹಳೇ 4 ತೆಗೀಬೇಡಿ. 12 ಆಗುತ್ತೆ. ಅದ್ರಲ್ಲಿ 8 ಜಿಬಿ ಭಾಗ ಎರಡೂ ಚಾನಲ್‌ನಲ್ಲಿ (ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ) ಓಡುತ್ತೆ, ಉಳಿದ 4 ಒಂದರಲ್ಲಿ. ಸ್ಪೀಡ್ ಬೇರೆ ಬೇರೆ ಇದ್ರೆ ಎರಡೂ ಕಮ್ಮಿ ಇರೋದಕ್ಕೆ ಇಳಿಯುತ್ತೆ, ಟ್ಯಾಲಿಗೆ ಅದೇನೂ ಗೊತ್ತಾಗಲ್ಲ.

ಹಾಕೋದು ಐದತ್ತು ನಿಮಿಷದ ಕೆಲ್ಸ. ಶಟ್‌ಡೌನ್ ಮಾಡಿ, ಹಿಂದಿನ ಪವರ್ ವೈರ್ ಕೀಳಿ, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದಿರೋ ಕರೆಂಟ್ ಹೋಗ್ಲಿ. ಮುಚ್ಚಳ ತೆಗೆದು ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಒಮ್ಮೆ ಮುಟ್ಟಿ, ಸ್ಟಿಕ್ಕನ್ನ ಅಂಚಲ್ಲೇ ಹಿಡ್ಕೊಳ್ಳಿ. ಖಾಲಿ ಸ್ಲಾಟಿನ ಧೂಳನ್ನ ಒಣ ಪೇಂಟ್ ಬ್ರಷ್ಷಲ್ಲಿ ತೆಗೀರಿ, ಬಾಯಲ್ಲಿ ಊದ್ಬೇಡಿ, ಎಂಜಲು ಹಾರುತ್ತೆ. ಎರಡು ಕಡೆ ಲಾಕ್ ಹೊರಗೆ ತಳ್ಳಿ, ಕಚ್ಚು ಸರಿಯಾಗಿ ಹೊಂದಿಸಿ, ಎರಡೂ ಹೆಬ್ಬೆರಳಲ್ಲಿ ನೆಟ್ಟಗೆ ಒತ್ತಿ. ಲಾಕ್ ತಾನಾಗೇ ‘ಟಕ್’ ಅಂತ ಮುಚ್ಕೋಬೇಕು. ಹೆಚ್ಚಿನವ್ರು ಇಲ್ಲೇ ಹೆದರಿ ಅರ್ಧಕ್ಕೆ ಬಿಡ್ತಾರೆ. ಒಂದು ತುದಿ ಕೂತು ಇನ್ನೊಂದು ಮೇಲೆದ್ದಿರುತ್ತೆ. ಚಿನ್ನದ ಗೆರೆ ಹೊರಗೆ ಒಂದೇ ಸಮ ಕಾಣ್ಬೇಕು, ಓರೆ ಇದ್ರೆ ತೆಗೆದು ಮತ್ತೆ ಹಾಕಿ.

ಆನ್ ಮಾಡ್ದಾಗ ಸ್ವಲ್ಪ ಹೊತ್ತು ಕಪ್ಪಾಗಿದ್ರೆ ಗಾಬರಿ ಬೇಡ, ಒಂದು ನಿಮಿಷ ಕಾಯಿರಿ. ‘ಮೆಮೊರಿ ಬದಲಾಗಿದೆ’ ಅಂತ ಇಂಗ್ಲಿಷಲ್ಲಿ ಬಂದ್ರೆ ಎಫ್1 ಒತ್ತಿ. ಎರಡು ಸಲ ಬೀಪ್ ಅಂದ್ರೆ ಡೆಲ್‌ನಲ್ಲಿ ರ‍್ಯಾಮೇ ಸಿಕ್ಕಿಲ್ಲ ಅಂತ, ನಾಲ್ಕು ಅಂದ್ರೆ ಸಿಕ್ಕಿದೆ ಆದ್ರೆ ಓದೋಕಾಗ್ತಿಲ್ಲ. ಆಗ ವೈರ್ ಕಿತ್ತು ಎರಡೂ ಸ್ಟಿಕ್ ತೆಗೀರಿ, ಚಿನ್ನದ ಭಾಗಾನ ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಉಜ್ಜಿ ಪುಡಿ ಒರೆಸಿ. ಹಳೇದೊಂದನ್ನೇ ಹಾಕಿ ನೋಡಿ, ಆಮೇಲೆ ಹೊಸದೊಂದನ್ನೇ, ಎರಡೂ ಸ್ಲಾಟಲ್ಲಿ. ಹೊಸದು ಎರಡರಲ್ಲೂ ಓಡ್ದೆ ಹಳೇದು ಎರಡರಲ್ಲೂ ಓಡಿದ್ರೆ ಹೊಸದನ್ನ ವಾಪಸ್ ಕಳ್ಸಿ.

12 ಜಿಬಿ ಇದೆ ಅಂತ ತೋರ್ಸಿ ಬಳಕೆಗೆ 4 ಮಾತ್ರ ಅಂದ್ರೆ, 32 ಬಿಟ್ ಅಲ್ಲ ಅಂತ ಖಾತ್ರಿ ಮಾಡ್ಕೊಂಡು ಸ್ಟಾರ್ಟಲ್ಲಿ ಎಂಎಸ್ ಕಾನ್ಫಿಗ್ (msconfig) ಅಂತ ಹುಡುಕಿ ತೆಗೆದು, ಬೂಟ್, ಅಡ್ವಾನ್ಸ್ಡ್ ಒಳಗೆ ‘ಮ್ಯಾಕ್ಸಿಮಮ್ ಮೆಮೊರಿ’ ಟಿಕ್ ಇದ್ರೆ ತೆಗೀರಿ. ಎಲ್ಲಾ ಸರಿ ಇದ್ರೂ ಅವತ್ತು ರಾತ್ರಿ ಸ್ಟಾರ್ಟಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಅಂತ ಹುಡುಕಿ ಓಡ್ಸಿಬಿಡಿ, ವಾಪಸ್ ಕಳಿಸೋ ಅವಧಿ ಮುಗಿಯೋ ಒಳಗೆ. ಕೆಟ್ಟ ರ‍್ಯಾಮ್ ಮೊದಲ ದಿನ ನೀಟಾಗಿ ಓಡಿ, ಆಮೇಲೆ ನೀಲಿ ಸ್ಕ್ರೀನ್ ಕೊಡೋದು, ಟ್ಯಾಲಿ ಫೈಲ್ ಕೆಡಿಸೋದು ಎಲ್ಲಾ ಇದೆ. ಅಂಗಡಿಯವ್ರು ಸ್ಟಿಕ್ ತೋರಿಸಿದ ತಕ್ಷಣ ಎರಡೂ ಕಡೆ ಫೋಟೊ ತೆಗೆದು ಇಲ್ಲೇ ಗ್ರೂಪಿಗೆ ಹಾಕಿ, ದುಡ್ಡು ಆಮೇಲೆ ಕೊಡಿ.