ಜಿಪ್ಸಿಗೆ ಬೇರೆ ಎಂಜಿನ್ ಹಾಕಿಸ್ತೀನಿ, ಆರ್‌ಟಿಓಗೆ ಯಾವಾಗ ಹೇಳಬೇಕು?

ಪ್ರಶ್ನೆ (ಸಕಲೇಶಪುರದ ಸದಸ್ಯರು): ಸರ್, ನಮಸ್ಕಾರ. ನನ್ನ ಹತ್ರ 2004ರ ಮಾರುತಿ ಜಿಪ್ಸಿ ಇದೆ. ಪೆಟ್ರೋಲ್, 1298 ಸಿಸಿ. ತೋಟದ ಏರಲ್ಲಿ ಹೀಟ್ ಆಗಿ ಬ್ಲಾಕ್, ಅಂದ್ರೆ ಎಂಜಿನ್‌ನ ಮುಖ್ಯ ಲೋಹದ ಭಾಗ, ಕ್ರ್ಯಾಕ್ ಬಿಟ್ಟಿದೆ. ಮೆಕ್ಯಾನಿಕ್ ಎರಡು ದಾರಿ ಹೇಳ್ತಿದ್ದಾನೆ. ಒಂದು, ಗುಜರಿಯಿಂದ ಇನ್ನೊಂದು ಜಿಪ್ಸಿಯ ಇದೇ ಎಂಜಿನ್ ತಂದು ಕೂರಿಸೋದು. ಇನ್ನೊಂದು, ಸ್ವಿಫ್ಟ್‌ನ 1.3 ಡೀಸೆಲ್ ಎಂಜಿನ್‌ಗೆ ಅಡಾಪ್ಟರ್ ಪ್ಲೇಟ್ (ಬೇರೆ ಎಂಜಿನ್ ಈ ಗಾಡಿಗೆ ಕೂರೋ ಹಾಗೆ ಜೋಡಿಸೋ ತಟ್ಟೆ) ಮಾಡಿಸಿ ಹಾಕೋದು, ಮೈಲೇಜೂ ಬರುತ್ತೆ ಅಂತಾನೆ. ಮೊದಲು ಹಾಕ್ಸಿ, ಆಮೇಲೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿದ್ರೆ ಸಾಕು ಅಂತ ಇಲ್ಲೇ ಒಬ್ಬರು ಹೇಳಿದ್ರು. ಹೌದಾ ಸರ್?

ಉತ್ತರ (ನಿವೃತ್ತ ಮೋಟಾರು ವಾಹನ ನಿರೀಕ್ಷಕರು): ನಮಸ್ಕಾರ. ಎಂಜಿನ್ ಇನ್ನೂ ಹಾಕ್ಸಿಲ್ಲ ಅನ್ನೋದೇ ಒಳ್ಳೇ ಸುದ್ದಿ. ಹಾಕಿಸಿದ ಮೇಲೆ ಕೇಳುವವರೇ ಹೆಚ್ಚು, ಆಗ ನಾನು ಹೇಳಬಹುದಾದ್ದು ತುಂಬಾ ಕಮ್ಮಿ ಇರುತ್ತೆ.

ಆ 14 ದಿನದ ಮಾತು ಅರ್ಧ ಮಾತ್ರ ಸರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂನಲ್ಲಿ ಅದು ಬರುತ್ತೆ. ಎಂಜಿನ್ ಬದಲಾದ 14 ದಿನದೊಳಗೆ ವರದಿ ಕೊಟ್ಟು, ಫೀಸು ಕಟ್ಟಿ, ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಆದರೆ ಅನುಮತಿಯನ್ನೇ ಕೇಳದೆ ಎಂಜಿನ್ ಬದಲಿಸುವ ಸಲುಗೆ ಇರೋದು ಹತ್ತಕ್ಕೆ ಕಮ್ಮಿಯಿಲ್ಲದಷ್ಟು ಟ್ರಾನ್ಸ್‌ಪೋರ್ಟ್ ಗಾಡಿ ಇಟ್ಟಿರುವವರಿಗೆ. ಅದೂ ರಾಜ್ಯ ಸರ್ಕಾರ ಅವಕಾಶ ಕೊಟ್ಟಿದ್ದರೆ, ಅದೂ ಅದೇ ಕಂಪನಿಯ ಅದೇ ಮಾದರಿಯ ಎಂಜಿನ್‌ಗೆ. ಬಸ್ಸು, ಲಾರಿ ಓಡಿಸುವವರಿಗೆ ಮಾಡಿದ ಅನುಕೂಲ ಅದು. ನಿಮ್ಮದು ಸ್ವಂತ ಬಳಕೆಯ ಒಂದೇ ಗಾಡಿ. ನೀವು ಮೊದಲು ಅರ್ಜಿ ಹಾಕಿ, ಅನುಮತಿ ಕೈಗೆ ಬಂದ ಮೇಲೆ ಎಂಜಿನ್ ಇಳಿಸಿ.

ಅದೇ ಜಿಪ್ಸಿ ಎಂಜಿನ್ ಆದರೆ ದಾರಿ ಸಲೀಸು. ಇಂಧನ ಅದೇ, ಸಿಸಿ ಅದೇ, ಆರ್‌ಸಿಯಲ್ಲಿ ಬದಲಾಗೋದು ಎಂಜಿನ್ ನಂಬರ್ ಒಂದೇ. ಡೀಸೆಲ್‌ನ ಆಸೆ ಬಿಟ್ಟುಬಿಡಿ. ತಯಾರಕರು ನಮೂದಿಸಿದ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಕೂಡದು ಅಂತ ಅದೇ ಕಲಂ ಹೇಳುತ್ತೆ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ.

ಅದೇ ಸದಸ್ಯರು: ಆದ್ರೆ ಸರ್, ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿ ಅಥವಾ ಬೇರೆ ಯಾವುದೇ ಇಂಧನಕ್ಕೆ ಬದಲಾಯಿಸಬಹುದು ಅಂತ ಕಾಯ್ದೆಯಲ್ಲೇ ಇದೆಯಲ್ಲ? ಡೀಸೆಲ್ಲೂ ಬೇರೆ ಇಂಧನವೇ ತಾನೆ?

ಉತ್ತರ: ಆ ಸಾಲನ್ನ ಪೂರ್ತಿ ಓದಿ. ಪರಿವರ್ತನಾ ಕಿಟ್ ಅಳವಡಿಸಿ ಅಂತ ಇದೆ. ಕಿಟ್ ಅಂದರೆ ಪರೀಕ್ಷೆಗೆ ಹೋಗಿ ಮಂಜೂರಾತಿ ಪಡೆದದ್ದು. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆ ಹೊಗೆ, ಬ್ರೇಕು, ತೂಕ ಎಲ್ಲಾ ನೋಡಿ ಇಂಥ ಮಾದರಿಗೆ ಈ ಕಿಟ್ ಆಗಬಹುದು ಅಂತ ಸರ್ಟಿಫಿಕೇಟ್ ಕೊಡುತ್ತೆ. ಸಿಎನ್‌ಜಿ ಕಿಟ್ ಹೀಗೆಯೇ ಬರುತ್ತೆ. ಹಳೇ ಗಾಡಿಯನ್ನ ಎಲೆಕ್ಟ್ರಿಕ್ ಮಾಡೋದಕ್ಕೂ ಎಐಎಸ್-123 ಅಂತ ಪ್ರತ್ಯೇಕ ಮಾನದಂಡ ಇದೆ. ಲೇತ್‌ನಲ್ಲಿ ತಿರುಗಿಸಿದ ಅಡಾಪ್ಟರ್ ಪ್ಲೇಟು ಕಿಟ್ ಅಲ್ಲ. ನಿಮ್ಮ ಮೆಕ್ಯಾನಿಕ್ ಕೆಲಸಗಾರನೇ ಇರಬಹುದು, ನಾನು ಅವನ ಕೈಗುಣ ಅನುಮಾನಿಸ್ತಿಲ್ಲ. ಆದರೆ ಆ ಗಾಡಿ ಘಾಟಿಯಲ್ಲಿ ಯಾರಿಗಾದರೂ ತಗುಲಿದ ದಿನ ವಿಮಾ ಕಂಪನಿ ಮೊದಲು ತೆಗೆಯೋದು ಪಾಲಿಸಿಯಲ್ಲಿರುವ ಎಂಜಿನ್ ನಂಬರನ್ನ. ಹೊಂದಲಿಲ್ಲ ಅಂದರೆ ಸ್ವಂತ ಡ್ಯಾಮೇಜಿನ ಕ್ಲೇಮಿಗೆ ತಕರಾರು ಖಂಡಿತ. ಜೊತೆಗೆ 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ನಿಮ್ಮದು 2004ರ ಗಾಡಿ, 15 ವರ್ಷ ಮುಗಿದು ಐದೈದು ವರ್ಷಕ್ಕೆ ರಿನ್ಯೂವಲ್. 2029ಕ್ಕೆ ಮತ್ತೆ ಇನ್‌ಸ್ಪೆಕ್ಷನ್‌ಗೆ ನಿಲ್ಲಿಸಲೇಬೇಕು, ಬಾನೆಟ್ ತೆಗೆಯಲೇಬೇಕು.

ಈಗ ಗುಜರಿ ಎಂಜಿನ್ ಬಗ್ಗೆ. ನನಗೆ ನಿಜವಾಗಿ ಕಾಳಜಿ ಇರೋದು ಇಲ್ಲೇ. ದುಡ್ಡು ಕೊಡೋ ಮುಂಚೆ ಎಂಜಿನ್ ನಂಬರ್ ನೀವೇ ಓದಿ. ಬ್ಲಾಕಿನ ಮೇಲೆ ನಂಬರ್ ಹೊಡೆದಿರೋ ಜಾಗ ಚಪ್ಪಟೆಯಾಗಿರುತ್ತೆ. ಗ್ರೀಸು, ಮಣ್ಣು ಹೋಗುವಂತೆ ಸೀಮೆಎಣ್ಣೆಯಲ್ಲಿ ಒರೆಸಿ, ತೆಳ್ಳನೆ ಹಾಳೆ ಇಟ್ಟು ಪೆನ್ಸಿಲ್‌ನಲ್ಲಿ ಉಜ್ಜಿ. ಅದೇ ಪೆನ್ಸಿಲ್ ಪ್ರಿಂಟ್, ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಓದ ಮೋಟಾರು ವಾಹನ ನಿರೀಕ್ಷಕರು) ಕೂಡ ಇದನ್ನೇ ನೋಡೋದು. ಅಂಕಿಗಳು ಒಂದೇ ಆಳ, ಒಂದೇ ಸಾಲಲ್ಲಿ ಇವೆಯಾ? ಒಂದು ಅಂಕಿ ಆಳ, ಪಕ್ಕದ್ದು ಮೇಲೆಮೇಲೆ, ನಡುವೆ ಗ್ರೈಂಡರ್ ಗೀರು, ಆ ಜಾಗಕ್ಕೆ ಮಾತ್ರ ಹೊಸ ಪೇಂಟು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಂದ ಎದ್ದು ಬನ್ನಿ. ನಂಬರ್ ಸರಿ ಇದ್ದರೆ ಅದು ಕದ್ದ ಗಾಡಿಯದಲ್ಲ ಅಂತ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವಾಹನ್ ಸಮನ್ವಯ ಅನ್ನೋ ಆನ್‌ಲೈನ್ ಸೇವೆಯಲ್ಲಿ ನೋಡಿಕೊಳ್ಳಿ. ಆ ಎಂಜಿನ್ ಯಾವ ಗಾಡಿಯಿಂದ ಇಳೀತೋ ಅದರ ಆರ್‌ಸಿ ಜೆರಾಕ್ಸ್ ಕೇಳಿ. ಬಿಲ್‌ನಲ್ಲಿ ಎಂಜಿನ್ ನಂಬರ್ ಬರೆಸಿ. ಬರೀ ‘ಹಳೇ ಎಂಜಿನ್ ಒಂದು’ ಅಂತ ಬರೆದ ಬಿಲ್ ಯಾವ ಕೌಂಟರ್‌ನಲ್ಲೂ ನಡೆಯಲ್ಲ.

ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯನ್ನೂ ಬರಹದಲ್ಲಿ ತಗೊಳ್ಳಿ. ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲೇ ಹಾಕಬಹುದು. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ಸರ್, ನಂದೂ ಒಂದ್ ಕೇಳೂದೈತ್ರಿ. ಹೋದ ತಿಂಗಳ ಸೆಕೆಂಡ್ ಹ್ಯಾಂಡ್ ಮಾರುತಿ 800 ತಗೊಂಡೇನ್ರಿ. ಟ್ರಾನ್ಸ್‌ಫರ್‌ಗೆ ಹೋದಾಗ ಎಂಜಿನ್ ನಂಬರ್ ಆರ್‌ಸಿಗೆ ಕೂಡವಲ್ದು ಅಂದ್ರು. ಮಾರಿದವರು ನಮಗೇನೂ ಗೊತ್ತಿಲ್ಲ ಅಂತಾರ. ಏಜೆಂಟ್ ಒಬ್ಬಾಂವ ಹಳೇ ನಂಬರ್ ಪಂಚ್ ಹೊಡಿಸಿ ಕೊಡ್ತೀನಿ ಅಂತಾನ. ಏನ್ ಮಾಡ್ಲಿ?

ಉತ್ತರ: ಮೇಡಂ, ದಯವಿಟ್ಟು ಆ ಏಜೆಂಟ್ ಕೈಗೆ ಗಾಡಿ ಕೊಡಬೇಡಿ. ಇವತ್ತು ನಿಮ್ಮದು ಬರೀ ದಾಖಲೆ ಸರಿಯಿಲ್ಲದ ಗಾಡಿ. ಅವನು ಪಂಚ್ ಹೊಡೆದ ಗಳಿಗೆಯಿಂದ ಅದು ನಂಬರ್ ತಿದ್ದಿದ ಗಾಡಿ. ಆಮೇಲೆ ಅದು ಪೊಲೀಸ್ ಕೇಸು, ಮತ್ತು ಗಾಡಿ ಸಿಗೋದು ನಿಮ್ಮ ಮನೆ ಮುಂದೆ.

ಆರ್‌ಸಿ ಇನ್ನೂ ಮಾರಿದವರ ಹೆಸರಲ್ಲಿದೆ. ಹಾಗಾಗಿ ಅದನ್ನ ಸರಿಮಾಡಿಸಬೇಕಾದವರು ಅವರೇ. ಆ ಎಂಜಿನ್ ಎಲ್ಲಿಂದ ಬಂತು ಅಂತ ಅವರು ತೋರಿಸಬೇಕು, ಅವರ ಹೆಸರಲ್ಲೇ ಎಂಜಿನ್ ಬದಲಾವಣೆ ನಮೂದಾಗಬೇಕು, ಆಮೇಲೆ ನಿಮ್ಮ ಹೆಸರಿಗೆ ಟ್ರಾನ್ಸ್‌ಫರ್. ಇವತ್ತೇ ಅವರಿಗೆ ಬರಹದಲ್ಲಿ ತಿಳಿಸಿ, ಸ್ಪೀಡ್ ಪೋಸ್ಟಿನ ರಸೀದಿ ಇಟ್ಟುಕೊಳ್ಳಿ. ಕೊಂಡವರು ಟ್ರಾನ್ಸ್‌ಫರ್ ವರದಿ ಕೊಡೋಕೆ 30 ದಿನದ ಗಡುವು ಇದೆ, ಅಡಚಣೆ ಏನು ಅಂತ ಆರ್‌ಟಿಓಗೂ ಒಂದು ಪತ್ರ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ. ಅವರು ಒಪ್ಪದಿದ್ದರೆ ಹಣ ವಾಪಸ್ ಕೇಳಿ, ವಕೀಲರಿಂದ ನೋಟಿಸ್ ಕೊಡಿಸಿ.

ಪ್ರಶ್ನೆ (ತುಮಕೂರಿನ ಸದಸ್ಯರು): ಸರ್, ನಾನು ಎಂಜಿನ್ ಹೆಡ್ (ಬ್ಲಾಕಿನ ಮೇಲಿನ ಭಾಗ) ಬದಲಾಯಿಸಿ, ರೀಬೋರ್ (ಸವೆದ ಸಿಲಿಂಡರ್ ಒಳಗೆ ಕೊರೆದು ಸರಿಮಾಡೋದು) ಮಾಡಿಸಿದೀನಿ. ಹೇಳಬೇಕಾ?

ಉತ್ತರ: ಬೇಕಿಲ್ಲ. ನಂಬರ್ ಇರೋದು ಬ್ಲಾಕಿನ ಮೇಲೆ, ಬ್ಲಾಕ್ ಅದೇ ಇದೆ. ಅದು ರಿಪೇರಿ. ಬಿಲ್ ಇಟ್ಟುಕೊಳ್ಳಿ, ಸಾಕು.

ಸಕಲೇಶಪುರದ ಸದಸ್ಯರು: ಸರ್, ಡೀಸೆಲ್ ಬಿಟ್ಟೆ. ಕಂಪನಿಯ ಹೊಸ ಬ್ಲಾಕೇ ಸಿಗಬಹುದು ಅಂತಿದ್ದಾರೆ, ಆದ್ರೆ ಅದರಲ್ಲಿ ನಂಬರ್ ಇರಲ್ವಂತೆ. ಮತ್ತೆ ಒಡೆದ ಬ್ಲಾಕ್ ಗುಜರಿಗೆ ಹಾಕ್ಲಾ?

ಉತ್ತರ: ಹೊಸದು ಸಿಕ್ಕರೆ ಅದನ್ನೇ ತಗೊಳ್ಳಿ. ಸ್ಪೇರ್ ಆಗಿ ಬರುವ ಬ್ಲಾಕ್ ನಂಬರ್ ಇಲ್ಲದೆ ಬರೋದುಂಟು. ಕಂಪನಿ ಬಿಲ್ ಹಿಡಿದು ಆರ್‌ಟಿಓಗೆ ಹೋಗಿ, ಯಾವ ನಂಬರ್ ಹೊಡೆಸಬೇಕು ಅಂತ ಅವರು ಬರೆದು ಕೊಟ್ಟ ಮೇಲೆ ಹೊಡೆಸಿ. ಹಳೇ ಬ್ಲಾಕ್ ಈಗಲೇ ಹಾಕಬೇಡಿ. ಇನ್‌ಸ್ಪೆಕ್ಟರ್ ಕೇಳಿದರೆ ತೋರಿಸೋಕೆ ಅದು ಬೇಕು. ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದು ಆದ ಮೇಲೆ ಗುಜರಿಗೆ ಕೊಡಿ. ಕೊಡುವಾಗ ಆ ನಂಬರ್ ಬರೆಸಿ ರಸೀದಿ ತಗೊಳ್ಳಿ. ನಿಮ್ಮ ನಂಬರಿನ ಬ್ಲಾಕ್ ನಾಳೆ ಇನ್ನಾರದೋ ಗಾಡಿಯಲ್ಲಿ ಕಂಡರೆ ಉತ್ತರ ಹೇಳೋಕೆ ನಿಮ್ಮ ಹತ್ರ ಕಾಗದ ಇರಬೇಕು.